ಉಣ್ಣಲೊಲ್ಲದ ಮಹಾರಾಯರು

ಮಾಡಿದ್ದುಣ್ಣೋ ಮಹಾರಾಯ.

ಈ ಗಾದೆ ಈಚೆಗೆ ಪದೇಪದೇ ನೆನಪಾಗುತ್ತಿದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಯಾರೋ ದೊಡ್ಡವರು ಬಿದ್ದ ಸುದ್ದಿ ಇದ್ದೇ ಇರುತ್ತದೆ. ಬಿದ್ದವರ ಬಾಯಲ್ಲಿ ಮಾತ್ರ ಯಾವಾಗಲೂ ಒಂದೇ ಪಾಠ: ಇದು ನನ್ನ ವಿರುದ್ಧದ ಷಡ್ಯಂತ್ರ, ನನ್ನ ಹೇಳಿಕೆಯನ್ನು ತಿರುಚಲಾಗಿದೆ, ಸತ್ಯ ಏನೆಂದು ಕಾಲವೇ ಹೇಳುತ್ತದೆ. ಸೇತುವೆ ಕುಸಿದರೆ ಗುತ್ತಿಗೆದಾರ ಎಂಜಿನಿಯರ್ ಕಡೆ ಬೆರಳು ತೋರಿಸುತ್ತಾನೆ, ಎಂಜಿನಿಯರ್ ಮೇಲಿನವರ ಕಡೆ, ಮೇಲಿನವರು ಹಿಂದಿನ ಸರ್ಕಾರದ ಕಡೆ. ‘ಹೌದು, ನಾನೇ ಮಾಡಿದೆ’ ಎಂದು ಎದೆ ಮುಟ್ಟಿಕೊಂಡು ಹೇಳುವವರು ನಮ್ಮ ಸಾರ್ವಜನಿಕ ಬದುಕಿನಲ್ಲಿ ಸಿಗುತ್ತಿಲ್ಲ. ಅದೇ ಹೊತ್ತಿಗೆ ನಮ್ಮ ರಂಗಭೂಮಿಯನ್ನೂ ನೋಡಿ. ನಗೆನಾಟಕ ಇದೆ, ಪ್ರತಿಭಟನೆಯ ನಾಟಕ ಇದೆ, ಕಾದಂಬರಿಗಳ ರಂಗರೂಪ ಇದೆ, ಹಾಡು ಕುಣಿತಕ್ಕೆ ಬರವಿಲ್ಲ. ಹೊಸದಾಗಿ ಬರೆದ ದುರಂತ ನಾಟಕ ಮಾತ್ರ ಅಪರೂಪ. ಈ ಎರಡು ಕೊರತೆಗಳಿಗೂ ಬೇರು ಒಂದೇ ಎಂಬುದು ನನ್ನ ನಂಬಿಕೆ. ಆ ಬೇರು ಈ ಗಾದೆಯಲ್ಲಿದೆ.

ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಹೆಸರಾಗಿಸಿಕೊಂಡ ಗಾದೆ ಇದು. ಇದನ್ನು ಸಾಮಾನ್ಯವಾಗಿ ಮೂರು ರೀತಿ ಅರ್ಥ ಮಾಡುತ್ತಾರೆ. ಹೋದ ಜನ್ಮದಲ್ಲಿ ಮಾಡಿದ್ದನ್ನು ಈ ಜನ್ಮದಲ್ಲಿ ಉಣ್ಣುತ್ತೇವೆ ಎನ್ನುವುದು ಒಂದು. ಗಾದೆಯಲ್ಲಿ ಜನ್ಮಾಂತರದ ಸೊಲ್ಲೇ ಇಲ್ಲ, ಅದು ಎದುರಿಗೆ ನಿಂತವನನ್ನು ನೇರವಾಗಿ ಕೂಗುತ್ತದೆ. ಸೊಕ್ಕಿದವನು ಬಿದ್ದಾಗ ‘ಅನುಭವಿಸಲಿ ಬಿಡು’ ಎಂದು ಖುಷಿಪಡುವುದು ಎರಡನೆಯದು. ಇದು ಜಗಲಿಕಟ್ಟೆಯ ಸೇಡು, ಅದರಿಂದ ಯಾರ ತಿಳಿವೂ ಬೆಳೆಯುವುದಿಲ್ಲ. ಕೆಟ್ಟದ್ದು ಮಾಡಿದರೆ ಕೆಟ್ಟದ್ದೇ ಆಗುತ್ತದೆ ಎಂಬ ಶಾಲೆಯ ನೀತಿಪಾಠ ಮೂರನೆಯದು. ಲೋಕ ಹಾಗೆ ನಡೆಯುವುದಿಲ್ಲವೆಂದು ಮಕ್ಕಳಿಗೂ ಬೇಗನೆ ತಿಳಿದುಬಿಡುತ್ತದೆ.

ನಾನು ಹಿಡಿಯುವ ಅರ್ಥ ಬೇರೆ. ಗಾದೆ ಇಲ್ಲಿ ಶಿಕ್ಷೆಯ ಮಾತಾಡುತ್ತಿಲ್ಲ. ಶಿಕ್ಷೆಯನ್ನು ಬೇರೆಯವರು ಕೊಡಬಹುದು, ಊಟವನ್ನು ತಾನೇ ಮಾಡಬೇಕು. ಬಡಿಸಿದ್ದನ್ನು ನೋಡಬೇಕು, ಇದು ನನ್ನ ಕೈಯ ಅಡುಗೆಯೇ ಎಂದು ಗುರುತಿಸಬೇಕು, ರುಚಿ ತಿಳಿದು ನುಂಗಬೇಕು. ಗುರುತಿಸದೆ ನುಂಗಿದವನು ಉಂಡಂತಲ್ಲ. ಅಷ್ಟೇ ಅಲ್ಲ, ಆ ಹೊತ್ತಿನಲ್ಲೂ ಅವನನ್ನು ಮಹಾರಾಯ ಎಂದೇ ಕರೆಯಲಾಗಿದೆ. ತಾನು ಮಾಡಿದ್ದನ್ನು ತನ್ನದೆಂದು ಒಪ್ಪಿಕೊಳ್ಳುವವನಿಗೆ ಸೋಲಿನಲ್ಲೂ ಆ ಪದವಿ ಉಳಿಯುತ್ತದೆ. ಅರಿಸ್ಟಾಟಲ್ ದುರಂತ ನಾಟಕಕ್ಕೆ ಬೇಕೆಂದು ಎಣಿಸಿದ ಪ್ರಮಾದ, ತಿರುವು, ಗುರುತಿಸುವಿಕೆ ಮೂರೂ ಈ ಎರಡು ಪದಗಳ ಗಾದೆಯೊಳಗೆ ಕೂತಿವೆ.

ನಮ್ಮ ಪರಂಪರೆ ಮಂಗಳಾಂತದ್ದು, ದುರಂತ ನಮಗೆ ಪರದೇಶದ ಸರಕು ಎನ್ನುವವರಿದ್ದಾರೆ. ಅವರು ರನ್ನನನ್ನು ಮತ್ತೊಮ್ಮೆ ಓದಲಿ. ಗದಾಯುದ್ಧದ ದುರ್ಯೋಧನ ಸಂಜಯನೊಂದಿಗೆ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾನೆ. ದ್ರೋಣ ಬಿದ್ದಿದ್ದಾನೆ. ವೈರಿಯ ಮಗ ಅಭಿಮನ್ಯು ಬಿದ್ದಿದ್ದಾನೆ, ಅವನ ಸಾವಿನಂಥ ಸಾವು ತನಗೂ ಬರಲಿ ಎಂದು ಈ ಅರಸು ಬಯಸುತ್ತಾನೆ. ಸ್ವಂತ ಮಗ ಲಕ್ಷ್ಮಣಕುಮಾರನ ಹೆಣದ ಮುಂದೆ, ಮಗ ತಂದೆಗೆ ನೀರು ಬಿಡಬೇಕಾದ ಕ್ರಮವೇ ತಿರುಗುಮುರುಗಾಯಿತೆಂದು ಅಳುತ್ತಾನೆ. ಕರ್ಣನ ಬಳಿ ಬಂದಾಗ ಅವನ ಬಾಯಿಂದ ಬರುವ ಮಾತು ಇಡೀ ಕಾವ್ಯದ ಎದೆ ನಡುಗಿಸುವಂಥದ್ದು. ಕರ್ಣ ಯಾರ ಮಗನೆಂಬುದು ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ ಗೊತ್ತಿತ್ತು, ತನಗೂ ಗೊತ್ತಿತ್ತು ಎಂದು ಅವನೇ ಹೇಳಿಬಿಡುತ್ತಾನೆ. ಗೊತ್ತಿದ್ದೂ ಅಣ್ಣನನ್ನು ತಮ್ಮಂದಿರ ಎದುರು ನಿಲ್ಲಿಸಿದ್ದು ತಾನು. ಅಲ್ಲಿ ಅವನನ್ನು ಯಾರೂ ವಿಚಾರಣೆ ಮಾಡುತ್ತಿರಲಿಲ್ಲ, ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ತಾನು ಮಾಡಿದ್ದನ್ನು ತಾನೇ ಬಡಿಸಿಕೊಂಡು ಉಂಡ. ಇದನ್ನು ಹತ್ತನೆಯ ಶತಮಾನದ ಕನ್ನಡ ಕವಿ ಬರೆದ, ಗ್ರೀಕರಿಂದ ಸಾಲ ತಂದಲ್ಲ.

ಬಿ.ಎಂ.ಶ್ರೀಯವರ ಕಣ್ಣು ಇದನ್ನು ಹಿಡಿಯಿತು. 1926ರಲ್ಲಿ ಅವರು ರನ್ನನ ಪದ್ಯಗಳನ್ನೇ ಜೋಡಿಸಿ ‘ಗದಾಯುದ್ಧ ನಾಟಕಂ’ ಕಟ್ಟಿದರು. 1929ರ ‘ಅಶ್ವತ್ಥಾಮನ್’ನಲ್ಲಿ ಸೊಫೊಕ್ಲಿಸನ ಏಜಾಕ್ಸ್ ಮಾದರಿಯಲ್ಲಿ ಅಶ್ವತ್ಥಾಮನಿಗೆ ಸಾವನ್ನೇ ಕೊಟ್ಟರು. ಚಿರಂಜೀವಿಯನ್ನು ಕೊಲ್ಲುವುದುಂಟೆ ಎಂದು ಪುರಾಣ ಬಲ್ಲವರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಶ್ರೀಯವರಿಗೆ ಬೇಕಾಗಿದ್ದದ್ದು ತಾನು ಮಾಡಿದ್ದರ ಲೆಕ್ಕವನ್ನು ತಾನೇ ಮುಗಿಸುವ ವೀರ. ಲೆಕ್ಕ ಮುಗಿಸದೆ ಕಾಡಿನಲ್ಲಿ ಅಲೆಯುವ ಚಿರಂಜೀವಿ ಅವರಿಗೆ ಬೇಕಿರಲಿಲ್ಲ.

ಅದಕ್ಕೆ ಮುಂಚಿನ ಕಥೆಯೂ ಹೇಳಬೇಕಾದದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೋಮಿಯೋ ಜೂಲಿಯೆಟ್ ಕನ್ನಡಕ್ಕೆ ‘ರಾಮವರ್ಮ ಲೀಲಾವತಿ’ಯಾಗಿ ಬಂದಾಗ ಪ್ರೇಮಿಗಳನ್ನು ಸಾಯಲು ಬಿಡಲಿಲ್ಲ. ಇದರಿಂದ ನಮ್ಮ ಜಾಯಮಾನವೇ ದುರಂತಕ್ಕೆ ಒಗ್ಗದು ಎನ್ನುವ ತೀರ್ಮಾನಕ್ಕೆ ಹಾರುವವರು ಇಂಗ್ಲೆಂಡಿನ ಕಡೆಗೂ ತಿರುಗಿ ನೋಡಲಿ. 1681ರಲ್ಲಿ ನೇಹಮ್ ಟೇಟ್ ಎಂಬಾತ ಕಿಂಗ್ ಲಿಯರ್‌ನ ಕೊನೆ ತಿದ್ದಿ ಕಾರ್ಡೀಲಿಯಾಳಿಗೆ ಮದುವೆ ಮಾಡಿಸಿದ. ಷೇಕ್ಸ್‌ಪಿಯರನ ಸ್ವಂತ ನಾಡಿನ ರಂಗಭೂಮಿ ಆ ತಿದ್ದುಪಡಿಯನ್ನೇ ಸುಮಾರು ಒಂದೂವರೆ ಶತಮಾನ ಆಡಿತು. ಉಣ್ಣಲು ಹಿಂಜರಿಯುವುದು ಮನುಷ್ಯ ಸ್ವಭಾವ, ಅದಕ್ಕೆ ದೇಶಭಾಷೆಗಳ ಹಂಗಿಲ್ಲ. ದುರಂತ ನಾಟಕ ಎಲ್ಲ ಕಾಲದಲ್ಲೂ ಆ ಹಿಂಜರಿಕೆಯ ಎದುರು ಈಜಿಯೇ ಬಂದಿದೆ.

ಹಾಗಾದರೆ ಈ ಕಾಲದಲ್ಲಿ ಅದು ಸೊರಗಿದ್ದು ಏಕೆ? ಜಾರ್ಜ್ ಸ್ಟೈನರ್ 1961ರಲ್ಲಿ ‘ದಿ ಡೆತ್ ಆಫ್ ಟ್ರಾಜಿಡಿ’ ಬರೆದು, ದೇವರು ದೈವಗಳ ನಂಬಿಕೆ ಹೋದ ಮೇಲೆ ದುರಂತಕ್ಕೆ ನೆಲೆಯಿಲ್ಲ ಎಂದ. ಅರಸರೇ ಇಲ್ಲದ ಕಾಲದಲ್ಲಿ ಯಾರ ಪತನವನ್ನು ತೋರಿಸುವುದು ಎಂದು ಕೇಳುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಆರ್ಥರ್ ಮಿಲ್ಲರ್ 1949ರಲ್ಲೇ ಸಾಲದಲ್ಲಿ ಮುಳುಗಿದ ವಿಲ್ಲಿ ಲೋಮನ್ ಎಂಬ ಮಾರಾಟಗಾರನನ್ನು ರಂಗಕ್ಕೆ ತಂದು, ಸಾಮಾನ್ಯನಿಗೂ ದುರಂತದ ಎತ್ತರ ಉಂಟೆಂದು ವಾದಿಸಿದ. ದೈವದ ಮಾತಿಗೆ ನಮ್ಮವರೇ ಉತ್ತರ ಕೊಟ್ಟಿದ್ದಾರೆ. ಸ್ಟೈನರನ ಪುಸ್ತಕ ಬಂದ ವರ್ಷವೇ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಗಿರೀಶ ಕಾರ್ನಾಡರ ‘ಯಯಾತಿ’ ಬಂತು.

ಯಯಾತಿಯನ್ನು ಈ ಗಾದೆಯ ಬೆಳಕಿನಲ್ಲಿ ನೋಡಿ. ಶರ್ಮಿಷ್ಠೆಯ ಸಂಗ ಮಾಡಿದವನು ಅವನು, ಮುಪ್ಪು ಬರಲಿ ಎಂಬ ಶುಕ್ರಾಚಾರ್ಯರ ಶಾಪ ಬಿದ್ದದ್ದು ಅವನ ಮೇಲೆ. ಅವನು ಮಾಡಿದ್ದನ್ನು ಬೇರೆ ಯಾರಾದರೂ ಉಣ್ಣಲಿ ಎಂದು ಬಾಗಿಲು ತಟ್ಟುತ್ತಾ ಹೊರಟ. ಮಗ ಪೂರು ಆ ಮುಪ್ಪನ್ನು ಹೊತ್ತ. ಮಹಾಭಾರತದಲ್ಲಿ ಇದು ಪಿತೃಭಕ್ತಿಯ ಕಥೆ. ಕಾರ್ನಾಡರು ಅಲ್ಲಿಗೆ ಪೂರುವಿನ ಹೊಸ ಹೆಂಡತಿ ಚಿತ್ರಲೇಖೆಯನ್ನು ತಂದು ನಿಲ್ಲಿಸಿದರು. ಗಂಡನ ಯೌವನ ಈಗ ಮಾವನ ಮೈಯಲ್ಲಿದೆ, ಹಾಗಾದರೆ ನೀವೇ ನನ್ನನ್ನು ಸ್ವೀಕರಿಸಿ ಎಂದು ಅವಳು ನೇರವಾಗಿ ಕೇಳುತ್ತಾಳೆ. ಅರಸನ ಬಳಿ ಉತ್ತರವಿಲ್ಲ. ಅವಳು ವಿಷ ಕುಡಿದು ಸಾಯುತ್ತಾಳೆ. ಆಗ ಯಯಾತಿ ಮುಪ್ಪನ್ನು ಮರಳಿ ಪಡೆಯುತ್ತಾನೆ. ಆ ಕೆಲಸವನ್ನು ಯಾವ ದೇವರೂ ಅವನಿಂದ ಮಾಡಿಸಲಿಲ್ಲ, ಅವನ ಕಣ್ಣೆದುರು ಬಿದ್ದ ಒಂದು ಹೆಣ ಮಾಡಿಸಿತು. ಪುರಾಣದ ಬಾಯಿಂದ ಆಧುನಿಕ ಕನ್ನಡ ಇದಕ್ಕಿಂತ ಚೆನ್ನಾಗಿ ಈ ಗಾದೆಯನ್ನು ಹೇಳಿಸಿಲ್ಲ.

ಮೂರು ವರ್ಷದ ಮೇಲೆ ‘ತುಘಲಕ್’ ಬಂತು. ಸಿ.ಆರ್. ಸಿಂಹ ಆ ಪಾತ್ರವನ್ನು ಕನ್ನಡಿಗರ ಕಣ್ಣಲ್ಲಿ ಅಚ್ಚೊತ್ತಿದರು. ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಎಳೆದ, ತಾಮ್ರದ ನಾಣ್ಯ ತಂದ ಸುಲ್ತಾನನ ಗುಲಾಬಿ ತೋಟದಲ್ಲಿ ಕೊನೆಗೆ ಖೋಟಾ ನಾಣ್ಯಗಳ ರಾಶಿ ಬೀಳುತ್ತದೆ. ಮೋಸಗಾರ ಅಜೀಜ್ ಸಿಕ್ಕಿಬಿದ್ದಾಗ ಅವನ ತಲೆ ತೆಗೆಸುವುದಿಲ್ಲ, ಅಧಿಕಾರ ಕೊಡುತ್ತಾನೆ. ತನ್ನ ಪ್ರತಿ ಆಜ್ಞೆಯನ್ನೂ ನಿಷ್ಠೆಯಿಂದ ಬಳಸಿಕೊಂಡವನು ಇವನೊಬ್ಬನೇ, ಇವನು ತನ್ನದೇ ಕೈಯ ಬೆಳೆ ಎಂಬ ಅರಿವು ಆ ಕ್ಷಮೆಯಲ್ಲಿದೆ. ಷಡ್ಯಂತ್ರಗಳು ಅವನ ಸುತ್ತ ನಿಜವಾಗಿಯೂ ಇದ್ದವು. ಆದರೂ ನಾಟಕ ಮುಗಿಯುವಾಗ ನಮ್ಮ ಮನಸ್ಸಿನಲ್ಲಿ ಉಳಿಯುವುದು ಷಡ್ಯಂತ್ರಗಳಲ್ಲ, ತನ್ನ ಕನಸಿನ ಬೂದಿಯ ನಡುವೆ ಒಬ್ಬನೇ ಕೂತ ಮನುಷ್ಯ. ಸ್ಟೈನರ್ ಸತ್ತಿತೆಂದು ಬರೆದದ್ದು ಇಲ್ಲಿ ಇನ್ನೂ ಉಸಿರಾಡುತ್ತಿತ್ತು.

ದುರಂತ ಸೊರಗಲು ನಿಜವಾದ ಕಾರಣ ಬೇರೆ. ಮಾಡುವವನು ಎಂಬ ವ್ಯಕ್ತಿಯನ್ನೇ ನಾವು ವಿವರಣೆಗಳಲ್ಲಿ ಕರಗಿಸಿಬಿಟ್ಟೆವು. ಅವನು ಮಾಡಿದ್ದಲ್ಲ, ವ್ಯವಸ್ಥೆ ಮಾಡಿಸಿತು. ಅವಳು ಮಾಡಿದ್ದಲ್ಲ, ಬಾಲ್ಯದ ಗಾಯ ಮಾಡಿಸಿತು. ಈ ವಿವರಣೆಗಳಲ್ಲಿ ಸತ್ಯವಿದೆ, ಅವುಗಳಿಂದ ಕನ್ನಡ ಸಾಹಿತ್ಯಕ್ಕೆ ಬಹಳ ಲಾಭವೂ ಆಗಿದೆ. ಆದರೆ ಕರ್ತೃವನ್ನು ಪೂರ್ತಿ ಅಳಿಸಿದ ಮೇಲೆ ರಂಗದ ಮೇಲೆ ಉಳಿಯುವುದು ಪೆಟ್ಟು ತಿಂದವರು ಮಾತ್ರ. ಬ್ರೆಕ್ಟ್ ಇದನ್ನು ತಿಳಿದೇ ಮಾಡಿದ. ಅವನ ಮದರ್ ಕರೇಜ್ ಯುದ್ಧದ ವ್ಯಾಪಾರದಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡು, ಕೊನೆಗೆ ಮತ್ತೆ ಅದೇ ಗಾಡಿಗೆ ಹೆಗಲು ಕೊಡುತ್ತಾಳೆ. ಅವಳು ಏನನ್ನೂ ಕಲಿಯಬಾರದು, ಕಲಿಯಬೇಕಾದವರು ಪ್ರೇಕ್ಷಕರು ಎಂಬುದು ಅವನ ಹಟ. 1941ರಲ್ಲಿ ಜ್ಯೂರಿಕ್‌ನ ಪ್ರೇಕ್ಷಕರು ಆ ತಾಯಿಗಾಗಿ ಮರುಗಿದ್ದು ಕೇಳಿ, ಅವಳನ್ನು ಇನ್ನಷ್ಟು ಕಠಿಣಗೊಳಿಸಿ ನಾಟಕವನ್ನೇ ತಿದ್ದಿದ. ಬ್ರೆಕ್ಟ್ ದೊಡ್ಡ ಪ್ರತಿಭೆ. ಅವನ ದಾರಿಯಲ್ಲಿ ಹೋದ ಸಣ್ಣ ಪ್ರತಿಭೆಗಳ ಕೈಯಲ್ಲಿ ಮಾತ್ರ ಪಾತ್ರಗಳು ಫಲಕ ಹಿಡಿದ ಆಳುಗಳಾದವು. ಘೋಷಣೆ ಕೂಗುವ ಪಾತ್ರಕ್ಕೆ ತನ್ನ ಎಡೆಯನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಶಿವರಾಮ ಕಾರಂತರ ಚೋಮ ಏನು ಮಾಡಿದ್ದ? ಸ್ವಂತ ಬೇಸಾಯದ ಒಂದು ತುಂಡು ಭೂಮಿ ಬಯಸಿದ. ಹುಟ್ಟಿದ ಜಾತಿ ಅದನ್ನು ಕೊಡಲಿಲ್ಲ. ಸಾಲ ತಿಂದಿತು, ಮಕ್ಕಳು ಕೈಬಿಟ್ಟುಹೋದರು, ಉಳಿದದ್ದು ದುಡಿ. ಅವನ ಮುಂದೆ ನಿಂತು ಮಾಡಿದ್ದುಣ್ಣೋ ಎಂದರೆ ಅದು ಗಾದೆಯಲ್ಲ, ಕ್ರೌರ್ಯ. ನಮ್ಮ ಸಮಾಜ ಶತಮಾನಗಳ ಕಾಲ ಆ ಕ್ರೌರ್ಯವನ್ನು ಕರ್ಮಸಿದ್ಧಾಂತದ ಹೆಸರಿನಲ್ಲಿ ನಡೆಸಿದೆ. ಆದ್ದರಿಂದಲೇ ಹಣೆಬರಹದ ಅರ್ಥವನ್ನು ನಾನು ಹತ್ತಿರ ಸೇರಿಸುವುದಿಲ್ಲ. ಗಾದೆ ಕರೆಯುವುದು ಮಹಾರಾಯನನ್ನು. ಮಾಡುವ ಶಕ್ತಿ, ಬಿಡುವ ಶಕ್ತಿ ಎರಡೂ ಇದ್ದವನನ್ನು. ಚೋಮನ ಕಥೆಯಲ್ಲಿ ಅಂಥವನು ಒಬ್ಬ ಇದ್ದಾನೆ: ಧಣಿ ಸಂಕಪ್ಪಯ್ಯ. ಕೊಡುವ ಮನಸ್ಸು ಅವನಿಗೆ ಇತ್ತು, ತಾಯಿಯ ಮಾತಿಗೆ, ಊರಿನ ರೂಢಿಗೆ ಸೋತ. ಚೋಮನದು ಅನ್ಯಾಯಕ್ಕೆ ಸಿಕ್ಕವನ ಶೋಕ. ಸಂಕಪ್ಪಯ್ಯನೊಳಗೆ ಒಂದು ದುರಂತ ನಾಟಕವೇ ಇದೆ. ನೊಂದವರ ಕಥೆಯನ್ನು ನಾವು ಬರೆದದ್ದು ಸರಿ, ಇನ್ನೂ ಬರೆಯಬೇಕು. ಅದರ ಜೊತೆಗೆ, ನೋಯಿಸಿದವನ ಒಳಗನ್ನು ಹೊಕ್ಕು ಅವನಿಂದಲೇ ‘ನಾನು ಮಾಡಿದೆ’ ಎನ್ನಿಸುವ ನಾಟಕವೂ ಬೇಕಿತ್ತು. ಅದನ್ನು ನಾವು ಕೈಬಿಟ್ಟೆವು. ಖಳನನ್ನು ಬೈಯುವುದು ಸುಲಭ. ಅವನೊಳಗೆ ಮನುಷ್ಯನನ್ನು ಕಂಡು, ಆ ಮನುಷ್ಯನ ಮೇಲೆ ಪೂರ್ತಿ ಹೊಣೆ ಹೊರಿಸುವುದು ಕಷ್ಟ. ದುರಂತ ನಾಟಕದ ಕಸುಬೇ ಅದು.

ದುರಂತದ ಈ ಶಕ್ತಿ ನಮ್ಮ ನೆಲದಲ್ಲಿ ಪೂರ್ತಿ ಬತ್ತಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವಾಲಿಯ, ರಾವಣನ, ಕೌರವನ ಅರ್ಥ ಕೇಳಲು ಜನ ಇಂದಿಗೂ ರಾತ್ರಿ ನಿದ್ದೆಗೆಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ತಿಂದು ಬಿದ್ದ ಮೇಲೂ ರಾಮನನ್ನು ಪ್ರಶ್ನಿಸುತ್ತಿದ್ದ ಪರಿ ಕೇಳಿದವರು ಮರೆತಿಲ್ಲ. ಸೋತವನ ಬಾಯಿಂದ ಸೋಲಿನ ಅರ್ಥ ಕೇಳುವ ಹಸಿವು ಈ ಜನರಲ್ಲಿದೆ. ಜನರಿಗೆ ದುಃಖದ ನಾಟಕ ಬೇಡ, ನಗಿಸಿ ಕಳಿಸಿದರೆ ಸಾಕು ಎನ್ನುವ ಸಂಘಟಕರು ತಮ್ಮ ಹಿಂಜರಿಕೆಯನ್ನು ಜನರ ತಲೆಗೆ ಕಟ್ಟುತ್ತಿದ್ದಾರೆ.

ಇನ್ನು ಅರಸರಿಲ್ಲದ ಕಾಲದ ಮಾತು. ದುರಂತ ನಾಟಕ ಬೆಳೆದು ಅರಳಿದ ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸಿನಲ್ಲಿ ಅರಸನೇ ಇರಲಿಲ್ಲ. ಅಲ್ಲಿ ಪ್ರಜೆಗಳೇ ಸಭೆ ಸೇರಿ ಯುದ್ಧಕ್ಕೆ ಕೈಯೆತ್ತುತ್ತಿದ್ದರು, ಅದೇ ಪ್ರಜೆಗಳು ಬೆಟ್ಟದ ಇಳಿಜಾರಿನಲ್ಲಿ ಕೂತು ಅರಸರ ಪತನ ನೋಡುತ್ತಿದ್ದರು. ಸಾಲಮಿಸ್ ಸಮುದ್ರದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಎಂಟು ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಈಸ್ಕಿಲಸ್ ಆ ಗೆದ್ದವರ ಮುಂದೆಯೇ ‘ಪಾರಸಿಕರು’ ಆಡಿಸಿದ. ಹರಿದ ಬಟ್ಟೆಯಲ್ಲಿ ಬಂದು ಎದೆ ಬಡಿದುಕೊಳ್ಳುವ ಶತ್ರುವಿನ ದೊರೆಯನ್ನು ತೋರಿಸಿದ. ಆ ನಾಟಕವನ್ನು ಬಿ.ಎಂ.ಶ್ರೀ 1935ರಲ್ಲಿ ಕನ್ನಡಕ್ಕೆ ತಂದರು. ಅಧಿಕಾರ ಕೈಗೆ ಬಂದ ಜನ ತಮ್ಮ ಸೊಕ್ಕಿನ ಕೊನೆ ಹೇಗಿರಬಹುದೆಂದು ಮೊದಲೇ ನೋಡಿಕೊಳ್ಳಲಿ ಎಂಬುದೇ ಆ ಪ್ರಯೋಗದ ತಿರುಳೆಂದು ನಾನು ತಿಳಿದಿದ್ದೇನೆ.

ಅಂದ ಮೇಲೆ ಪ್ರಜಾಪ್ರಭುತ್ವಕ್ಕೆ ದುರಂತ ನಾಟಕ ಹಳೆಯ ಕಾಲದ ಒಡವೆಯಲ್ಲ, ನಿತ್ಯದ ಅಗತ್ಯ. ಮತ ಹಾಕಿದವರು ನಾವು, ಕೆರೆ ಮುಚ್ಚಿ ಮನೆ ಕಟ್ಟಿದವರು ನಾವು, ಹಣ ಕೊಟ್ಟು ಕೆಲಸ ಮಾಡಿಸಿಕೊಂಡವರು ನಾವು, ದ್ವೇಷದ ಮಾತಿಗೆ ಚಪ್ಪಾಳೆ ತಟ್ಟಿದವರೂ ನಾವೇ. ಗಣರಾಜ್ಯದಲ್ಲಿ ಈ ಗಾದೆ ಕೂಗಿ ಕರೆಯುವ ಮಹಾರಾಯ ಪ್ರತಿಯೊಬ್ಬ ಪ್ರೇಕ್ಷಕ. ಆದ್ದರಿಂದ ಕನ್ನಡದ ನಾಟಕಕಾರರಲ್ಲಿ ನನ್ನ ಕೋರಿಕೆ ಇಷ್ಟೇ: ನಮ್ಮನ್ನು ಬಲಿಪಶುಗಳೆಂದು ಸಂತೈಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿ. ನಮ್ಮಂಥವನೇ ಒಬ್ಬನನ್ನು, ಒಳ್ಳೆಯವನನ್ನೇ, ರಂಗದ ನಡುವೆ ನಿಲ್ಲಿಸಿ. ಅವನು ಮಾಡಲಿ, ತಪ್ಪಲಿ, ಗುರುತಿಸಲಿ, ತನ್ನ ಬಾಯಿಂದಲೇ ಒಪ್ಪಲಿ. ಆ ಒಪ್ಪಿಗೆಯನ್ನು ಕೇಳಿ ರೂಢಿಯಾದ ಜನ ಮಾತ್ರ ತಮ್ಮನ್ನು ಆಳುವವರಿಂದಲೂ ಅದನ್ನು ಕೇಳಿ ಪಡೆಯಬಲ್ಲರು.