ಬಿರುಕು ಮತ್ತು ವಿಪ್ರತಿಪತ್ತಿ

ಉತ್ತರ ಕರ್ನಾಟಕದ ಎರೆಭೂಮಿಯ ಮೇಲೆ ನಿಂತ ಮನೆಯ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕನ್ನು ಕಂಡು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ತಳಪಾಯ ಕುಸಿಯುತ್ತಿದೆಯೆಂದೂ ಇನ್ನೊಬ್ಬರು ಗಿಲಾವು ಮಾಡಿ ಮುಚ್ಚಿದರೆ ಸಾಕೆಂದೂ ಬರೆದುಕೊಟ್ಟಾಗ, ಮನೆಯವರ ಮುಂದಿರುವುದು ಕಟ್ಟಡದ ಪ್ರಶ್ನೆಯಷ್ಟೇ ಅಲ್ಲ, ತನಗೆ ತಿಳಿಯದ ವಿದ್ಯೆಯಲ್ಲಿ ಬಲ್ಲವರಿಬ್ಬರು ಬೇರೆಬೇರೆಯಾಗಿ ನುಡಿದರೆ ತಿಳಿಯದವನು ಹೇಗೆ ನಿರ್ಣಯಿಸಬೇಕೆಂಬ ಜ್ಞಾನಮೀಮಾಂಸೆಯ ಪ್ರಶ್ನೆಯೂ ಹೌದು. ನ್ಯಾಯಸೂತ್ರವು ಸಂಶಯಕ್ಕೆ ಕಾರಣಗಳನ್ನು ಹೇಳುವಾಗ ವಿಪ್ರತಿಪತ್ತಿಯನ್ನೂ, ಅಂದರೆ ಒಂದೇ ವಸ್ತುವಿನ ಬಗೆಗಿನ ಪರಸ್ಪರ ವಿರುದ್ಧ ಮಾತುಗಳನ್ನೂ, ಅವುಗಳಲ್ಲಿ ಸೇರಿಸಿದೆ. ಅಮೆರಿಕದ ತತ್ತ್ವಜ್ಞಾನಿ ಆಲ್ವಿನ್ ಗೋಲ್ಡ್‌ಮನ್ 2001ರಲ್ಲಿ ಇದೇ ತೊಡಕನ್ನು ಚರ್ಚಿಸುತ್ತ, ತಜ್ಞರ ವಾದದ ಗುಣ, ಹಿತಾಸಕ್ತಿ, ಹಿಂದಿನ ನಿರ್ಣಯಗಳ ದಾಖಲೆ ಮೊದಲಾದವನ್ನು ಸಾಮಾನ್ಯನೂ ತೂಗಿ ನೋಡಬಹುದೆಂದು ವಾದಿಸಿದರು. ಈ ತೂಕ ಅಗತ್ಯವೇ. ಆದರೆ ಅದು ಬಹುಮಟ್ಟಿಗೆ ಹೇಳುವವರನ್ನು ತೂಗುತ್ತದೆ. ಗೋಡೆಯ ವಿಷಯದಲ್ಲಿಯಾದರೋ ಗೋಡೆಯನ್ನೇ ಸಾಕ್ಷಿಗೆ ಕರೆಯುವ ದಾರಿ ತೆರೆದಿದೆ.

ಎರೆಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ; ಋತುಮಾನದ ಈ ಏರಿಳಿತ ನೆಲದೊಳಗೆ ಹಲವು ಅಡಿಗಳವರೆಗೆ ಇಳಿಯುವುದರಿಂದಲೇ, ಆಳದ ಸ್ಥಿರ ಪದರದಲ್ಲಿ ಬುಡ ಉಬ್ಬಿಸಿ ಊರುವ 'ಅಂಡರ್‌ರೀಮ್ಡ್' ಕಂಬಗಳ ತಳಪಾಯವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿತು. ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು: ಕಟ್ಟಡದ ಸ್ವಂತ ಭಾರಕ್ಕೆ ಮಣ್ಣು ಅದುಮಿಕೊಂಡು ಸಾಮಾನ್ಯವಾಗಿ ಕಾಲಕ್ರಮದಲ್ಲಿ ನಿಂತುಹೋಗುವುದು 'ಇಳಿತ', ಭಾರಕ್ಕೆ ಸಂಬಂಧವಿಲ್ಲದೆ ಕೆಳಗಿನ ನೆಲವೇ ಜಾಗ ಬಿಡುವುದು 'ಕುಸಿತ'. ವರದಿಗಳ ಜಗಳದಲ್ಲಿ ಒಂದು ಪಾಲು ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಹುಟ್ಟುತ್ತದೆ.

ಉಳಿದ ಪಾಲು ಕಾರ್ಯದಿಂದ ಕಾರಣವನ್ನು ಊಹಿಸುವ ಕಷ್ಟಕ್ಕೆ ಸೇರಿದ್ದು. ನದಿ ತುಂಬಿ ಹರಿಯುವುದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆಯೆಂದು ಊಹಿಸುವುದು ನೈಯಾಯಿಕರ ಪ್ರಸಿದ್ಧ ನಿದರ್ಶನ. ನೀರಿಗೆ ಅಡ್ಡಗಟ್ಟಿದರೂ ನದಿ ತುಂಬುತ್ತದಲ್ಲ ಎಂಬ ಆಕ್ಷೇಪವನ್ನೂ ಅವರೇ ಎತ್ತಿ, ತುಂಬುವಿಕೆ ಮಾತ್ರ ಹೇತುವಲ್ಲ, ರಭಸ, ನೊರೆ, ತೇಲಿಬರುವ ಎಲೆ ಹಣ್ಣು ಮರದ ತುಂಡುಗಳಿಂದ ಕೂಡಿದ ವಿಶೇಷವಾದ ತುಂಬುವಿಕೆಯೇ ಹೇತುವೆಂದು ಉತ್ತರಿಸಿದರು. ಬಿರುಕಿಗೂ ಇದೇ ಮಾತು ಸಲ್ಲುತ್ತದೆ. ಬಿಸಿಲಿಗೆ ಹಿಗ್ಗಿದ ಸ್ಲ್ಯಾಬ್, ಒಣಗುತ್ತ ಕುಗ್ಗಿದ ಗಾರೆ, ಪಕ್ಕದ ಮರದ ಬೇರು ಹೀರಿದ ತೇವ, ಒಡೆದ ಒಳಚರಂಡಿ ಕೊಳವೆ, ಇವೆಲ್ಲ ಗೋಡೆಯನ್ನು ಸೀಳಬಲ್ಲವು. ಸೀಳಿದೆ ಎಂಬಷ್ಟರಿಂದ ಯಾವುದೂ ಸಿದ್ಧವಾಗುವುದಿಲ್ಲ. ಬಿರುಕು ಮೇಲೆ ಅಗಲವೋ ಕೆಳಗೋ, ಗಿಲಾವಿನಲ್ಲಷ್ಟೇ ಇದೆಯೋ ಇಟ್ಟಿಗೆಯನ್ನೂ ದಾಟಿದೆಯೋ, ಅದರ ಅಂಚು ಹೊಸದೋ ಹಳೆಯ ಸುಣ್ಣ ತುಂಬಿದ್ದೋ, ಬೇಸಿಗೆಯಲ್ಲಿ ಬಾಯ್ದೆರೆದು ಮಳೆಗಾಲದಲ್ಲಿ ಕಿರಿದಾಗುತ್ತದೋ ಅಥವಾ ಒಂದೇ ದಿಕ್ಕಿಗೆ ಬೆಳೆಯುತ್ತದೋ ಎಂಬ ವಿಶೇಷಗಳೇ ಇಲ್ಲಿ ನೊರೆ ಮತ್ತು ಎಲೆ.

ಕೊನೆಯ ವಿಶೇಷವನ್ನು ಒಂದು ಭೇಟಿಯಲ್ಲಿ ಯಾರೂ ಕಾಣಲಾರರು. ಏಪ್ರಿಲ್‌ನಲ್ಲಿ ಬಂದವರು ಮತ್ತು ಅಕ್ಟೋಬರ್‌ನಲ್ಲಿ ಬಂದವರು ನೋಡಿದ್ದು ಒಂದೇ ಗೋಡೆಯ ಎರಡು ಸ್ಥಿತಿಗಳನ್ನು; ಆದ್ದರಿಂದ ಇಬ್ಬರೂ ಪ್ರಾಮಾಣಿಕರಾಗಿದ್ದೂ ಅವರ ಮಾತು ಕೂಡದಿರಬಹುದು. ಬಿರುಕಿನ ಎರಡೂ ದಡಗಳಿಗೆ ಅಳತೆಪಟ್ಟಿ ಕೂರಿಸಿ ಒಂದು ವರ್ಷ ದಿನಾಂಕ ಸಹಿತ ಬರೆದಿಡುವುದು, ತಳಪಾಯದ ಪಕ್ಕ ಗುಂಡಿ ತೋಡಿ ಅದರ ಆಳವನ್ನೂ ಮಣ್ಣನ್ನೂ ನೋಡುವುದು, ಕೊಳವೆಗಳ ಸೋರಿಕೆ ಪರೀಕ್ಷಿಸುವುದು, ಈ ಮೂರೂ ಅಭಿಪ್ರಾಯವನ್ನು ಪ್ರಮಾಣದ ಕಡೆಗೆ ಒಯ್ಯುತ್ತವೆ.

ಮೂರನೆಯವರನ್ನು ಕರೆದು ಬಹುಮತ ಎಣಿಸುವುದರಿಂದ ಈ ಕೆಲಸ ಆಗದು. ಗುಂಡಿ ತೋಡದೆ ಅದೇ ಗೋಡೆಯನ್ನು ನೋಡಿಹೋದ ಮೂವರು ಒಂದೇ ಸಾಕ್ಷ್ಯವನ್ನು ಮೂರು ಸಲ ಹೇಳಿದಂತೆ. ಇಬ್ಬರಿಗೂ ನೋವಾಗದಂತೆ ನಡುವಿನ ದಾರಿ ಹಿಡಿಯುವುದು ಇನ್ನೂ ಅಪಾಯಕರ. ಹಳೆಯ ತಳಪಾಯದ ಕೆಳಗೆ ಆಳಕ್ಕೆ ಹೊಸ ಕಾಂಕ್ರೀಟಿನ ಆಸರೆ ಕೊಡುವ 'ಅಂಡರ್‌ಪಿನ್ನಿಂಗ್' ಅನ್ನು ಮನೆಯ ಒಂದು ಮೂಲೆಗಷ್ಟೇ ಮಾಡಿದರೆ, ಆ ಮೂಲೆ ನಿಂತು ಉಳಿದದ್ದು ಋತುವಿನೊಂದಿಗೆ ಏರಿಳಿಯುತ್ತ, ಎರಡರ ಸಂಧಿಯಲ್ಲಿ ಹೊಸ ಬಿರುಕು ಬಿಡುವ ಸಂಭವವಿದೆ. ಮಾತಿನಲ್ಲಿ ಸಾಧುವಾದ ರಾಜಿ ಮಣ್ಣಿನಲ್ಲಿ ಸಾಧುವಾಗಬೇಕಿಲ್ಲ.

ಕಾಯುವುದಕ್ಕೂ ಮಿತಿಯಿದೆ. ಗೋಡೆ ಹೊರಕ್ಕೆ ಉಬ್ಬಿದ್ದರೆ, ತೊಲೆಯ ತುದಿ ಆಸರೆಯಿಂದ ಜಾರುತ್ತಿದ್ದರೆ, ಬಿರುಕು ದಿನದಿನಕ್ಕೆ ಅಗಲವಾಗುತ್ತಿದ್ದರೆ, ವಾದ ಮುಗಿಯುವ ಮೊದಲೇ ಊರೆಗಂಬ ಕೊಟ್ಟು ಜನರನ್ನು ಹೊರಗೆ ಕಳಿಸಬೇಕು. ತೆಗೆಯಬಹುದಾದ ಊರೆಗಂಬ ಯಾವ ಅಭಿಪ್ರಾಯವನ್ನೂ ಮುಂಚಿತವಾಗಿ ಗೆಲ್ಲಿಸುವುದಿಲ್ಲ. ಅಂಥ ತುರ್ತಿಲ್ಲದ ಕಡೆ ಮನೆಯವರು ಇಬ್ಬರೂ ಎಂಜಿನಿಯರರಿಂದ ಒಂದು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಬೇಕು: ಮುಂದಿನ ಒಂದು ವರ್ಷದಲ್ಲಿ ಏನು ಕಂಡುಬಂದರೆ ತಮ್ಮ ಅಭಿಪ್ರಾಯವನ್ನು ಹಿಂದಕ್ಕೆ ಪಡೆಯುತ್ತೀರಿ? ಇದಕ್ಕೆ ಉತ್ತರ ಕೊಡದ ವರದಿಯನ್ನು ನಂಬಿ ತಳಪಾಯಕ್ಕೆ ಕೈಹಾಕಕೂಡದು.