ಮಡಚದ ಕಾಗದ

ಅಕ್ಕನ ಮಗಳು ಎಂಟನೇ ತರಗತಿ. ಶಾಲೆಯಲ್ಲಿ ಘಾತಾಂಕಗಳ ಪಾಠ ನಡೆಯುತ್ತಿದೆ. ನಿನ್ನೆ ಸಂಜೆ ಐದು ನಿಯಮಗಳಿಗೆ ಚೌಕ ಹಾಕಿಕೊಂಡು ಬಾಯಿಪಾಠ ಮಾಡುತ್ತಿದ್ದವಳು ಒಂದು ಕಡೆ ನಿಂತುಬಿಟ್ಟಳು.

"ಮಾಮ, ಎರಡರ ಘಾತ ಸೊನ್ನೆ ಅಂದ್ರೆ ಒಂದು ಅಂತೆ. ಎರಡನ್ನ ಒಂದು ಸಲಾನೂ ತಗೊಂಡೇ ಇಲ್ಲ ಅಂದ್ಮೇಲೆ ಸೊನ್ನೆ ತಾನೆ ಬರಬೇಕು? ಕೇಳಿದ್ರೆ ಅದು ರೂಲು ಅಂತಾರೆ."

ಅವಳ ವಯಸ್ಸಿನಲ್ಲಿ ನಾನೂ ಅದನ್ನು ರೂಲು ಅಂತಲೇ ನುಂಗಿದವನು. ಟೀಪಾಯಿಯ ಮೇಲಿದ್ದ ಬೆಳಗಿನ ಪೇಪರಿನಿಂದ ಒಂದು ಹಾಳೆ ಎಳೆದು ಅವಳ ಕೈಗಿಟ್ಟೆ. "ಮಡಚು."

ಒಂದು ಸಲ ಮಡಚಿದಳು, ಎರಡು ಪದರ. ಎರಡನೇ ಸಲ ನಾಲ್ಕು, ಮೂರನೇ ಸಲ ಎಂಟು. "ಇನ್ನೆರಡು ಸಲ?" ಅಂದೆ. ಮಡಚಿ, ಅಂಚನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಎಣಿಸಿದಳು. ಮೂವತ್ತೆರಡು. ಮೂರು ಮಡಿಕೆಯ ಮೇಲೆ ಎರಡು ಮಡಿಕೆ, ಒಟ್ಟು ಐದು: 2³ × 2² = 2⁵. ಮಕ್ಕಳು ಮೂರೆರಡ್ಲಿ ಆರು ಅಂತ ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ. ಮೂರು ಮಡಿಕೆ ಹಾಕುವ ಕೆಲಸವನ್ನೇ ಎರಡು ಸಲ ಮಾಡಿದರೆ ಆರು ಬರುತ್ತದೆ ನಿಜ. ಆದರೆ ಅದು (2³)², ಬೇರೆಯದೇ ಲೆಕ್ಕ. ಮಡಿಕೆ ಬಿಚ್ಚಿದರೆ ಭಾಗಾಕಾರ, ಘಾತಾಂಕ ಕಳೆಯುತ್ತದೆ. ಪದರ ಗುಣಿಸಿಕೊಳ್ಳುತ್ತ ಹೋಗುತ್ತದೆ. ಮಡಿಕೆಯನ್ನು ಮಾತ್ರ ಕೂಡುತ್ತ ಕಳೆಯುತ್ತ ಇದ್ದರೆ ಸಾಕು.

ನಮ್ಮ ಭಾಷೆ ಈ ಎರಡನ್ನೂ ಒಂದೇ ಮಾತಿನಲ್ಲಿ ಇಟ್ಟುಕೊಂಡಿದೆ. ಇಮ್ಮಡಿ ಪುಲಕೇಶಿ ಎಂದರೆ ಆ ಹೆಸರಿನ ಎರಡನೆಯವನು. ಅಲ್ಲಿ 'ಮಡಿ' ಬರೀ ಎಣಿಕೆ. ಇಮ್ಮಡಿ ಉತ್ಸಾಹ ಎಂದರೆ ಎರಡರಷ್ಟು. ಅಲ್ಲಿ 'ಮಡಿ' ಗುಣಾಕಾರ. ಘಾತಾಂಕ ಪುಲಕೇಶಿಯ ಮಡಿ, ಬರುವ ಉತ್ತರ ಉತ್ಸಾಹದ ಮಡಿ.

ಜರ್ಮನಿಯ ಮಿಖಾಯೆಲ್ ಸ್ಟೀಫೆಲ್ 1544ರಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ಇದನ್ನು ಎರಡು ಸಾಲಾಗಿ ಬರೆದಿಟ್ಟ. ಮೇಲೆ −3, −2, −1, 0, 1, 2, 3 ಹೀಗೆ. ಅವುಗಳ ಕೆಳಗೆ ⅛, ¼, ½, 1, 2, 4, 8. ಮೇಲಿನ ಸಾಲಿನ ಕೂಡುವಿಕೆ ಕೆಳಗಿನ ಸಾಲಿನಲ್ಲಿ ಗುಣಾಕಾರವಾಗುತ್ತದೆ. ಅಂಕಿಯ ಹೆಗಲೇರಿ ಕೂರುವ ಪುಟ್ಟ ಅಂಕಿ ರೂಢಿಗೆ ಬಂದದ್ದು ಅದಾದ ಮೇಲೆ, ಡೆಕಾರ್ಟ್‌ನ 1637ರ ಪುಸ್ತಕದಿಂದ. ಸ್ಟೀಫೆಲ್‌ನ ಸಾಲಿನಲ್ಲಿ ಸೊನ್ನೆಯ ಕೆಳಗೆ ಆಗಲೇ ಒಂದು ಕೂತಿದೆ.

ಆ ಎಂಟನೇ ಒಂದೂ ಕಾಗದದಲ್ಲೇ ಸಿಕ್ಕಿತು. ಮೂರು ಮಡಿಕೆಯಾದಾಗ ಪದರ ಎಂಟು, ಆದರೆ ಅಗಲಿಸಿದ ಹಾಳೆ ಹಿಡಿದಿದ್ದ ಜಾಗದ ಎಂಟನೇ ಒಂದು ಭಾಗ ಮಾತ್ರ ಅದಕ್ಕೀಗ ಸಾಕು. ಎಂಟನ್ನು ಎಂಟನೇ ಒಂದರಿಂದ ಗುಣಿಸಿದರೆ ಒಂದು. 2³ × 2⁻³ = 2⁰. ಎಷ್ಟು ಮಡಚಿದರೂ ಕಾಗದ ಅಷ್ಟೇ ಇರುತ್ತದಲ್ಲ, ಆ 'ಒಂದು' ಇದು.

ಆರನೆಯ ಮಡಿಕೆಗೆ ಅವಳು ಮೊಣಕೈ ಊರಿದಳು. ಏಳನೆಯದು ಇಬ್ಬರು ಸೇರಿದರೂ ಆಗಲಿಲ್ಲ. 2002ರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಹುಡುಗಿ ಬ್ರಿಟ್ನಿ ಗ್ಯಾಲಿವನ್ 12 ಮಡಿಕೆ ಹಾಕಿ ತೋರಿಸಿದಳು. ಅದಕ್ಕೆ ಸುಮಾರು 1,200 ಮೀಟರ್ ಉದ್ದದ ಟಾಯ್ಲೆಟ್ ಪೇಪರ್ ಬೇಕಾಯಿತು. ಒಂದೇ ದಿಕ್ಕಿಗೆ ಮಡಚುತ್ತ ಹೋದರೆ ಹೆಚ್ಚಿನ ಒಂದೊಂದು ಮಡಿಕೆಗೂ ಸುಮಾರು ನಾಲ್ಕು ಪಟ್ಟು ಉದ್ದ ಬೇಕೆಂದು ಅವಳೇ ಕಟ್ಟಿದ ಸೂತ್ರ ಹೇಳುತ್ತದೆ. ಪದರಗಳು ಇಮ್ಮಡಿ, ಒಂದೊಂದು ತಿರುವು ನುಂಗುವ ಕಾಗದವೂ ಇಮ್ಮಡಿ, ಎರಡೆರಡ್ಲಿ ನಾಲ್ಕು.

ನಮ್ಮ ಹುಡುಗಿ ಹಾಳೆಯನ್ನು ಬಿಚ್ಚಿ ನೆಲದ ಮೇಲೆ ಹರಡಿದಳು. ಚೌಕದೊಳಗಿನ ಐದು ನಿಯಮಗಳ ಪಕ್ಕ ಪೆನ್ಸಿಲಿನಲ್ಲಿ "ಮಡಿಕೆ ಎಣಿಸು" ಅಂತ ಬರೆದುಕೊಂಡಳು. ಐದಕ್ಕೂ ಅದೊಂದೇ ಸಾಲು.

ನಾನು ಇನ್ನೊಂದು ಗಂಟು ಹಾಕಿದೆ. "ಲಕೋಟೆಗೆ ಹಾಕೋ ಪತ್ರದ ಥರ ಮೂರು ಭಾಗವಾಗಿ ಮಡಚಿದರೆ ಆಗ ಮೂರರ ಘಾತ. ಒಂದು ಸಲ ಹಾಗೆ, ಒಂದು ಸಲ ಹೀಗೆ ಮಡಚಿದರೆ?"

"ಆರು ಪದರ. ಎರಡರ ಘಾತವೂ ಅಲ್ಲ, ಮೂರರದೂ ಅಲ್ಲ. ಬೇರೆ ಬೇರೆ ಥರ ಮಡಚಿದ್ರೆ ಕೂಡಿಸಕ್ಕಾಗಲ್ಲ." ಆಧಾರ ಸಂಖ್ಯೆ ಒಂದೇ ಆಗಿರಬೇಕು ಎಂಬ ಷರತ್ತು ಅವಳ ಬಾಯಿಂದಲೇ ಬಂತು.

"ಹಾಗಾದರೆ ಮೂರರ ಘಾತ ಸೊನ್ನೆ?"

ಅವಳು ನನ್ನನ್ನು ಪೆದ್ದನ ಹಾಗೆ ನೋಡಿದಳು. "ಮಡಚೇ ಇಲ್ವಲ್ಲ ಮಾಮ. ಹೇಗೆ ಮಡಚಬೇಕು ಅಂದ್ಕೊಂಡಿದ್ರೇನು, ಒಂದೇ ಹಾಳೆ."