ಒಂದು ಮುಖ, ಹಲವು ರಾಣಿಯರು

ರಮ್ಯಾ ಕೃಷ್ಣನ್ ಎಂಬ ನಟಿಯ ಮುಖ ನನಗೆ ಬಹಳ ವರ್ಷಗಳಿಂದ ಬಿಡಿಸಲಾಗದ ಒಗಟು. 1995ರಲ್ಲಿ ತೆಲುಗಿನ ‘ಅಮ್ಮೋರು’ ಚಿತ್ರದಲ್ಲಿ ಅದು ದೇವಿಯ ಮುಖ. 1999ರ ‘ಪಡೆಯಪ್ಪ’ದಲ್ಲಿ ಸೋಲೊಪ್ಪದ ನೀಲಾಂಬರಿಯ ಮುಖ, ಆ ಪಾತ್ರದಲ್ಲಿ, ನಟಿಯಾಗಿದ್ದು ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾರ ನೆರಳಿದೆ ಎಂದು ಜನ ಆಗಲೇ ಪಿಸುಗುಟ್ಟಿಕೊಂಡರು. 2015ರ ‘ಬಾಹುಬಲಿ’ಯಲ್ಲಿ ಹಸುಗೂಸನ್ನು ಒಂದೇ ಕೈಯಲ್ಲಿ ನೀರಿನ ಮೇಲೆ ಎತ್ತಿ ಹಿಡಿದ ರಾಜಮಾತೆ ಶಿವಗಾಮಿ. ನಡುವೆ ಸನ್ ಟಿವಿಯ ‘ತಂಗಂ’, ‘ವಂಶಂ’ ಧಾರಾವಾಹಿಗಳಲ್ಲಿ ವರ್ಷಗಟ್ಟಲೆ ಮನೆಮನೆಯ ನಡುಮನೆಗೆ ಬಂದು ಕೂತ ಹೆಣ್ಣು. ಕೊನೆಗೆ 2019ರ ಡಿಸೆಂಬರಿನಲ್ಲಿ ಎಂಎಕ್ಸ್ ಪ್ಲೇಯರಿನ ‘ಕ್ವೀನ್’ ಸರಣಿಯಲ್ಲಿ ಶಕ್ತಿ ಶೇಷಾದ್ರಿ, ಅಂದರೆ ಹೆಸರು ಬದಲಿಸಿಕೊಂಡ ಜಯಲಲಿತಾ.

ನಟಿ ಅಂದಮೇಲೆ ಕೊಟ್ಟ ಪಾತ್ರ ಆಡುತ್ತಾಳೆ, ಇದರಲ್ಲೇನು ಹೆಚ್ಚುಗಾರಿಕೆ ಅನ್ನಬಹುದು. ನನಗೆ ಬೆರಗು ಹುಟ್ಟಿಸುವುದು ನೋಡುವವರ ಕಣ್ಣು. ದೇವಿ, ದರ್ಪದ ಹೆಣ್ಣು, ರಾಜಮಾತೆ, ಮನೆಯಾಕೆ, ನಾಯಕಿ ಈ ಐದನ್ನೂ ಒಂದೇ ಮುಖದ ಮೇಲೆ ಹಾಕಿದರೂ ಯಾರಿಗೂ ಏನೂ ಎಡವಟ್ಟು ಅನ್ನಿಸಲಿಲ್ಲ. ಒಬ್ಬಳೇ ಬೇರೆ ಬೇರೆ ಸೀರೆ ಉಟ್ಟು ಬಂದ ಹಾಗೆ ಒಪ್ಪಿಕೊಂಡೆವು.

ಮುಖದ ಈ ಮಹಿಮೆ ಚೆನ್ನಾಗಿ ತಿಳಿಯಬೇಕಾದರೆ ಕರುಮತ್ತಂಪಟ್ಟಿಯ ಕಡೆ ಟಿವಿ ನೋಡಬೇಕು. ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯ ಊರು ಅದು. ಅಲ್ಲಿಂದ ಸೋಮನೂರಿನತ್ತ ತಿರುಗಿದರೆ ವಿದ್ಯುತ್ ಮಗ್ಗಗಳ ಸೀಮೆ. ಮನೆಗೆ ಅಂಟಿಕೊಂಡೇ ಶೆಡ್ಡು, ಶೆಡ್ಡಿನಲ್ಲಿ ನಾಲ್ಕೋ ಎಂಟೋ ಮಗ್ಗ. ಈ ಸುತ್ತಿನ ನೇಕಾರರಲ್ಲಿ ದೇವಾಂಗರಿದ್ದಾರೆ. ಯಾವ ಕಾಲದಲ್ಲೋ ಘಟ್ಟ ಇಳಿದು ಬಂದವರು. ಮನೆಯೊಳಗೆ ಅವರಾಡುವುದು ಇವತ್ತಿಗೂ ಒಂದು ಬಗೆಯ ಕನ್ನಡವೇ, ಓದುಬರಹ ಮಾತ್ರ ತಮಿಳು. ಮಗ್ಗಕ್ಕೆ ಇಲ್ಲಿ ತರಿ ಅನ್ನುತ್ತಾರೆ, ಹಾಸುನೂಲಿಗೆ ಪಾವು. ತರಿ ಓಡುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುವುದಿಲ್ಲ, ಕೈಸನ್ನೆ ಕಣ್ಸನ್ನೆಯಲ್ಲೇ ವ್ಯವಹಾರ. ಇಂಥ ಗೋಡೆಯ ಆಚೆ ಟಿವಿ ಹಾಕಿದರೆ ಸಂಭಾಷಣೆ ಅರ್ಧ ಗದ್ದಲದಲ್ಲಿ ಮುಳುಗುತ್ತದೆ, ಉಳಿಯುವುದು ಮುಖ. ಹುಬ್ಬು ಏರಿತೇ, ಕ್ಯಾಮೆರಾ ಮುಖದತ್ತ ಮೂರು ಸಲ ನುಗ್ಗಿತೇ, ಅಷ್ಟರಲ್ಲಿ ಕಥೆ ತಿಳಿಯಬೇಕು. ಮೆಗಾ ಧಾರಾವಾಹಿಗಳ ಆ ಅತಿರೇಕವನ್ನು ನಾವು ಪೇಟೆಯವರು ಹಾಸ್ಯ ಮಾಡುತ್ತೇವೆ. ಮಗ್ಗದ ಮನೆಯಲ್ಲಿ ಅದು ಅತಿರೇಕವೇ ಅಲ್ಲ.

ಆ ಟಿವಿಯ ಕಥೆಯೇ ಯಾವ ಧಾರಾವಾಹಿಗೂ ಕಡಿಮೆಯದಲ್ಲ. 2006ರ ಚುನಾವಣೆಯಲ್ಲಿ ಡಿಎಂಕೆಯ ಕರುಣಾನಿಧಿ ಬಣ್ಣದ ಟಿವಿ ಉಚಿತವಾಗಿ ಕೊಡುತ್ತೇನೆ ಎಂದರು. ಗೆದ್ದರು, ಕೊಟ್ಟರು. ಐದು ವರ್ಷದಲ್ಲಿ ಒಂದೂವರೆ ಕೋಟಿಗೂ ಹೆಚ್ಚು 14 ಇಂಚಿನ ಪೆಟ್ಟಿಗೆಗಳು ತಮಿಳುನಾಡಿನ ಮನೆಗಳನ್ನು ಹೊಕ್ಕವು. ಪೆಟ್ಟಿಗೆ ಬಂದಮೇಲೆ ಅದರೊಳಗೆ ಏನಾದರೂ ಬರಬೇಕಲ್ಲ. ಬರುತ್ತಿದ್ದದ್ದು ಬಹುಪಾಲು ಸನ್ ಟಿವಿ, ಕರುಣಾನಿಧಿಯವರ ನೆಂಟರಾದ ಮಾರನ್ ಮನೆತನದ್ದು. ಜಯಲಲಿತಾರ ಕಡೆಯವರಿಗೆ 1999ರಿಂದ ಜಯಾ ಟಿವಿ ಇತ್ತು. 2011ರಲ್ಲಿ ಅಧಿಕಾರಕ್ಕೆ ಮರಳಿದ ಜಯಲಲಿತಾ, ಮಲಗಿಬಿಟ್ಟಿದ್ದ ಸರ್ಕಾರಿ ಕೇಬಲ್ ಸಂಸ್ಥೆಯನ್ನು ಎಬ್ಬಿಸಿ ತಿಂಗಳಿಗೆ 70 ರೂಪಾಯಿಗೆ ತಂತಿ ಎಳೆಸಿದರು; ಜೊತೆಗೆ ಮಿಕ್ಸಿ, ಗ್ರೈಂಡರು, ಫ್ಯಾನು. ಹೀಗೆ ಪೆಟ್ಟಿಗೆ ಒಬ್ಬರದು, ತಂತಿ ಇನ್ನೊಬ್ಬರದು, ಚಾನೆಲ್ಲು ಮತ್ತೊಬ್ಬರದು. ಮೂವರೂ ಕೂಡಿ ತೋರಿಸಿದ್ದು ಸೊಸೆಯ ಕಣ್ಣೀರು. ತಮಾಷೆಗೆ ಹೇಳುತ್ತಿಲ್ಲ. ರಾಜಕೀಯ ಧಾರಾವಾಹಿಯೊಳಗೆ ಬರುವ ಮೊದಲೇ ಧಾರಾವಾಹಿ ರಾಜಕೀಯದ ತಂತಿಯಲ್ಲಿ ಹರಿದು ಬರುತ್ತಿತ್ತು.

ಇನ್ನೂ ಹಿಂದೆ ಹೋದರೆ ಬೆರಗು ಹೆಚ್ಚುತ್ತದೆ. 1987ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಎಂ.ಜಿ.ಆರ್. ತೀರಿಕೊಂಡಾಗ ರಾಜಾಜಿ ಹಾಲಿನಲ್ಲಿ ಪಾರ್ಥಿವ ಶರೀರದ ತಲೆಯ ಬಳಿ ಗಂಟೆಗಟ್ಟಲೆ ಕದಲದೆ ನಿಂತ ಜಯಲಲಿತಾರನ್ನು ನಾಡು ನೋಡಿತು. 1989ರ ಮಾರ್ಚ್ 25ರಂದು ವಿಧಾನಸಭೆಯಲ್ಲಿ ಗಲಭೆಯಾಗಿ, ಕೆದರಿದ ಕೂದಲು, ಎಳೆದಾಡಿದ ಸೀರೆಯಲ್ಲಿ ಅವರು ಹೊರಬಂದರು. ಮುಖ್ಯಮಂತ್ರಿಯಾಗಿಯೇ ಈ ಸಭೆಗೆ ಮರಳುತ್ತೇನೆಂಬ ಶಪಥ ಮಾಡಿದರು. ಆ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದದ್ದು ಬಿ.ಆರ್. ಚೋಪ್ರಾರ ‘ಮಹಾಭಾರತ’, 1988ರ ಅಕ್ಟೋಬರಿನಲ್ಲಿ ಶುರುವಾಗಿ 1990ರವರೆಗೆ ನಡೆಯಿತು. ಮುಡಿ ಕಟ್ಟದ ದ್ರೌಪದಿ ಒಂದು ಕಡೆ, ಶಪಥದ ಶಾಸಕಿ ಇನ್ನೊಂದು ಕಡೆ. ಯಾವ ಕಥೆಗಾರನೂ ಇಷ್ಟು ಸಲೀಸಾಗಿ ಎರಡು ಎಳೆ ಹೊಂದಿಸಲಾರ. 1991ರ ಜೂನ್ 24ರಂದು ಅವರು ಮುಖ್ಯಮಂತ್ರಿಯಾಗಿಯೇ ಬಂದರು. ಆ ಧಾರಾವಾಹಿಯ ದ್ರೌಪದಿ ರೂಪಾ ಗಂಗೂಲಿ ಮುಂದೆ ರಾಜ್ಯಸಭೆಗೆ ಹೋದರು. ‘ರಾಮಾಯಣ’ದ ಸೀತೆ ದೀಪಿಕಾ ಚಿಖ್ಲಿಯಾ ಅದೇ 1991ರಲ್ಲಿ ಬರೋಡಾದಿಂದ ಲೋಕಸಭೆಗೆ. ಪಾತ್ರದಿಂದ ಪದವಿಗೆ, ಪದವಿಯಿಂದ ಪಾತ್ರಕ್ಕೆ ಈ ಓಡಾಟಕ್ಕೆ ನಮ್ಮಲ್ಲಿ ಗಡಿಕಲ್ಲೇ ಇಲ್ಲ.

‘ಕ್ವೀನ್’ ಸರಣಿ ಅನಿತಾ ಶಿವಕುಮಾರನ್ ಅವರ ಕಾದಂಬರಿಯನ್ನು ಆಧರಿಸಿದ್ದು. ಗೌತಮ್ ವಾಸುದೇವ್ ಮೆನನ್ ಮತ್ತು ಪ್ರಸಾತ್ ಮುರುಗೇಶನ್ ನಿರ್ದೇಶಿಸಿದರು. ಇಡೀ ಕಥೆ ಒಂದು ಟಿವಿ ಸಂದರ್ಶನದ ಚೌಕಟ್ಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಟಿವಿ ನಿರೂಪಕಿ ಸಿಮಿ ಗರೇವಾಲ್ ಜೊತೆ ಕೂತು, ಬಿಗಿದ ಮುಖ ಸಡಿಲಿಸಿ, ಹಳೆಯ ಹಿಂದಿ ಹಾಡೊಂದನ್ನು ಗುನುಗಿದ ನಿಜದ ಜಯಲಲಿತಾರನ್ನು ನೋಡಿದವರಿಗೆ ಆ ಚೌಕಟ್ಟು ಎಲ್ಲಿಯದೆಂದು ಹೇಳಬೇಕಿಲ್ಲ. ಸರಣಿಯ ಒಳ್ಳೆಯ ಭಾಗವೆಂದರೆ ಪುಸ್ತಕ ಕೆಳಗಿಡಲು ಮನಸ್ಸಿಲ್ಲದ ಹುಡುಗಿಯನ್ನು ಬಣ್ಣದ ಕೋಣೆಗೆ ತಳ್ಳುವ ಭಾಗ. ಅಲ್ಲಿ ಅವಳು ರಾಣಿಯಲ್ಲ, ಮನೆಯ ಸಾಲ ತೀರಿಸಬೇಕಾದ ಮಗಳು. ಹೆಸರಿಗೆ ‘ಕ್ವೀನ್’ ಆದರೂ ಅದು ಗಟ್ಟಿಯಾಗುವುದು ಕಿರೀಟ ಇಲ್ಲದ ಕಡೆಯಲ್ಲೇ.

ಕಿರೀಟಕ್ಕೂ ಆ ಮಗಳಿಗೂ ನಂಟು ಹಳೆಯದು. ಜಯಲಲಿತಾ ಹುಟ್ಟಿದ್ದು 1948ರಲ್ಲಿ, ನಮ್ಮ ಮೇಲುಕೋಟೆಯಲ್ಲಿ. ತಾತ ಮೈಸೂರು ಅರಮನೆಯ ವೈದ್ಯರು. ನಾಯಕಿಯಾಗಿ ಮೊದಲ ಚಿತ್ರ ಬಿ.ಆರ್. ಪಂತುಲು ಅವರ ಕನ್ನಡದ ‘ಚಿನ್ನದ ಗೊಂಬೆ’, 1964ರಲ್ಲಿ. ಮರುವರ್ಷ ಅದೇ ಪಂತುಲು ‘ಆಯಿರತ್ತಿಲ್ ಒರುವನ್’ನಲ್ಲಿ ಎಂ.ಜಿ.ಆರ್. ಎದುರು ಅವರನ್ನು ರಾಜಕುಮಾರಿ ಮಾಡಿದರು. ಹಾಗಾಗಿ ‘ಕ್ವೀನ್’ನಲ್ಲಿ ನಾವು ನೋಡುವುದು ಏನನ್ನು? ರಾಜಮಾತೆಯಾಗಿ ಮೆರೆದ ನಟಿ, ರಾಜಕುಮಾರಿಯಾಗಿ ನಟಿಸಿ ರಾಣಿಯಂತೆ ಆಳಿದ ನಟಿಯನ್ನು ನಟಿಸುತ್ತಿದ್ದಾಳೆ. ಎಲ್ಲಿ ಕೈಯಿಟ್ಟರೂ ಕನ್ನಡಿಯೇ. ಜಯಲಲಿತಾರ ಆಳ್ವಿಕೆಯಾದರೂ ರಂಗಸಜ್ಜಿಕೆಯಿಂದ ಹೊರತಾಗಿತ್ತೇ? ವೇದಿಕೆಯ ಮೇಲಿನ ಒಂಟಿ ಕುರ್ಚಿ, ಆಳೆತ್ತರ ಮೀರಿದ ಕಟೌಟು, ಮೇಲೆ ಹಾರುವ ಹೆಲಿಕಾಪ್ಟರಿಗೆ ಕೆಳಗಿಂದ ಕೈಮುಗಿಯುವ ಮಂತ್ರಿಗಳು. ಧಾರಾವಾಹಿಯವರಿಗೆ ಉತ್ಪ್ರೇಕ್ಷೆ ಮಾಡಲು ಜಾಗವನ್ನೇ ಉಳಿಸಿರಲಿಲ್ಲ.

ಇಂಗ್ಲೆಂಡಿನವರಿಗೆ ಈ ವಿಷಯದಲ್ಲಿ ಕೆಲಸ ಸುಲಭ. ಪೀಟರ್ ಮಾರ್ಗನ್ ಬರೆದ ‘ದಿ ಕ್ರೌನ್’ ಸರಣಿಯ ನಾಲ್ಕನೆಯ ಭಾಗ 2020ರ ನವೆಂಬರಿನಲ್ಲಿ ಬಂತು. ಅಲ್ಲಿ ಕಿರೀಟ ಒಬ್ಬಳ ತಲೆಯ ಮೇಲೆ, ಅಧಿಕಾರ ಇನ್ನೊಬ್ಬಳ ಕೈಯಲ್ಲಿ. ರಾಣಿ ಎಲಿಜಬೆತ್ ಆಗಿ ಒಲಿವಿಯಾ ಕೋಲ್ಮನ್, ಪ್ರಧಾನಿ ಥ್ಯಾಚರ್ ಆಗಿ ಜಿಲಿಯನ್ ಆಂಡರ್ಸನ್. ವಾರಕ್ಕೊಮ್ಮೆ ಇಬ್ಬರೂ ಒಂದು ಕೋಣೆಯಲ್ಲಿ ಎದುರುಬದುರು. ಮೂರನೆಯವರಿಲ್ಲ, ಆಡಿದ ಮಾತಿಗೆ ದಾಖಲೆಯಿಲ್ಲ. ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? ಆ ಥ್ಯಾಚರ್ ಮಂತ್ರಿಗಳಿಗೆ ತಾನೇ ಅಡಿಗೆ ಮಾಡಿ ಬಡಿಸುತ್ತಾಳೆ, ರಾಣಿಯ ಎದುರು ಮಗನಿಗಾಗಿ ಅಳುತ್ತಾಳೆ. ಚೆನ್ನಾಗಿದೆ. ಆದರೆ ಹನ್ನೊಂದು ವರ್ಷ ದೇಶವನ್ನು ಹಿಡಿದು ಅಲುಗಿಸಿದವಳ ಗಟ್ಟಿತನ ತೋರಿಸಲು ಸೌಟು ಮತ್ತು ಕಣ್ಣೀರನ್ನೇ ಆಶ್ರಯಿಸುವುದು ಲಂಡನ್ನಿನಲ್ಲೂ ತಪ್ಪಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ನಗು.

ನಮ್ಮಲ್ಲಿ ಕಿರೀಟ, ಅಧಿಕಾರ ಎರಡನ್ನೂ ಒಬ್ಬಳ ಮೇಲೇ ಹೊರಿಸುವ ರೂಢಿ ಟಿವಿಯಿಂದ ಬಂದದ್ದಲ್ಲ. ದೇವಾಂಗರ ಕುಲದೇವತೆ ಚೌಡೇಶ್ವರಿಯ ಕಥೆ ಕೇಳಿ. ವಿಷ್ಣುವಿನ ನಾಭಿಕಮಲದಿಂದ ನೂಲು ತರುತ್ತಿದ್ದ ದೇವಾಂಗರ ಮೂಲಪುರುಷ ದೇವಲನನ್ನು ಅಸುರರು ಮುತ್ತಿದಾಗ ದೇವಿ ಪ್ರತ್ಯಕ್ಷಳಾದಳು. ಅವಳ ಕಿರೀಟದ ಪ್ರಭೆಗೆ ಅಸುರರ ಕಣ್ಣು ಕತ್ತಲೆಗಟ್ಟಿತು. ಸತ್ತವರ ರಕ್ತದಲ್ಲಿ ನೂಲಿಗೆ ಬಣ್ಣ ಬಂತು. ಕೊಯಮತ್ತೂರಿನ ರಾಜವೀದಿಯಲ್ಲಿ ವಿಜಯದಶಮಿಯಂದು ದೇವಾಂಗರ ಹುಡುಗರು ಎದೆಗೆ ಕತ್ತಿಯ ಏಟು ಹಾಕಿಕೊಳ್ಳುತ್ತ ಆ ತಾಯಿಯನ್ನು ಕರೆತರುತ್ತಾರೆ. ಕರುಮತ್ತಂಪಟ್ಟಿಯ ಚರ್ಚಿನಲ್ಲಿ ಅದೇ ಆಸುಪಾಸಿನಲ್ಲಿ, ಅಕ್ಟೋಬರಿನಲ್ಲಿ, ಜಪಮಾಲೆ ಮಾತೆ ಮರಿಯಳಿಗೆ ತೇರು. ತಾಯಿ, ದೇವಿ, ರಾಣಿ ಬೇರೆ ಬೇರೆಯೆಂದು ಈ ಬೀದಿಗಳಲ್ಲಿ ಬೆಳೆದ ಮಗುವಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಥ ಕಣ್ಣಿಗೆ ಜಯಲಲಿತಾ ‘ಅಮ್ಮ’ನಾಗಿ ಕಂಡದ್ದು ಸಹಜ. ಮಂಡ್ಯದಲ್ಲಿ ಕಾವೇರಿಗಾಗಿ ಬೀದಿಗಿಳಿದ ಕನ್ನಡಿಗರಿಗೆ ಆಕೆ ಎದುರಾಳಿ; ಇಲ್ಲಿ, ಕನ್ನಡ ಮಾತಾಡುವ ಮನೆಯಲ್ಲೇ, ಗೋಡೆಯ ಕ್ಯಾಲೆಂಡರಿನ ಚಿತ್ರ.

ಕಿರೀಟದ ಪ್ರಭೆ ನೋಡಿ ನೋಡಿ ಕಣ್ಣಿಗೆ ಬೀಳದೆ ಹೋಗುವುದು ಕೈ. 2016ರ ಮೇ 23ರಂದು ಮದ್ರಾಸ್ ವಿಶ್ವವಿದ್ಯಾಲಯದ ಶತಮಾನೋತ್ಸವ ಭವನದಲ್ಲಿ ಜಯಲಲಿತಾ ಕೊನೆಯ ಬಾರಿ ಪ್ರಮಾಣವಚನ ತೆಗೆದುಕೊಂಡರು. ಅಂದೇ ಸಹಿ ಹಾಕಿದ ಆದೇಶಗಳಲ್ಲಿ ಒಂದು ವಿದ್ಯುತ್ ಮಗ್ಗಗಳದ್ದು: ಎರಡು ತಿಂಗಳಿಗೆ ಉಚಿತವಾಗಿ ಸಿಗುತ್ತಿದ್ದ 500 ಯೂನಿಟ್ 750 ಆಯಿತು. ಕೈಮಗ್ಗಕ್ಕೆ 100ರಿಂದ 200. ಒಂದು ಪೆನ್ನು, ಒಂದು ಕಾಗದ, ನಾಲ್ಕು ಸೆಕೆಂಡು. ಕೂಲಿಗೆ ಬಟ್ಟೆ ನೇಯುವ ಶೆಡ್ಡಿನಲ್ಲಿ ಅದರ ಅರ್ಥ ಎಷ್ಟೆಂಬುದು ಕರೆಂಟು ಬಿಲ್ಲು ಹಿಡಿದು ಕೂತವರಿಗೆ ಗೊತ್ತು. ಅಧಿಕಾರ ಅಂದರೆ ಇದು. ಯಾವ ನಿರ್ದೇಶಕನೂ ಇದನ್ನು ಚಿತ್ರಿಸುವುದಿಲ್ಲ. ಇದರಲ್ಲಿ ಹುಬ್ಬು ಏರುವುದಿಲ್ಲ.

ಇಂಥ ಮುಖವಿಲ್ಲದ ಅಧಿಕಾರವನ್ನು ಚಿತ್ರಿಸಲು ಧೈರ್ಯವಿರುವವರು ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿಯನ್ನು ನೆನೆಯಬೇಕು. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. ಸಿಂಹಾಸನ ಹೆಸರಿಗೆ ಮಾತ್ರ ಉಳಿದು ಅಧಿಕಾರವೆಲ್ಲ ಹೈದರಾಲಿಯ ಕೈಗೆ ಹೋದಮೇಲೆ ಅರಮನೆಯ ಗೋಡೆಗಳ ಒಳಗೆ, ಕಾವಲಿನಲ್ಲಿ ಬದುಕಿದವಳು. ಅವಳಿಗೆ ಸಭೆಯಿಲ್ಲ, ಸೈನ್ಯವಿಲ್ಲ, ಹೊರಗೆ ತೋರಿಸಲು ಮುಖವೂ ಇಲ್ಲ. ಇದ್ದದ್ದು ತಿರುಮಲರಾಯನೆಂಬ ದೂತ ಮತ್ತು ಬಿಡದ ಹಟ. 1782ರ ಅಕ್ಟೋಬರಿನಲ್ಲಿ ತಂಜಾವೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾನ್ ಸಲಿವನ್ ಜೊತೆ ಅವಳ ಹೆಸರಿನಲ್ಲಿ ಒಪ್ಪಂದವಾಯಿತು. ಅದರ ಷರತ್ತುಗಳು ಕಾವ್ಯದ ಹಾಗಿಲ್ಲ, ಗುತ್ತಿಗೆಯ ಪಟ್ಟಿಯ ಹಾಗಿವೆ: ಇಂಗ್ಲಿಷರು ಕೊಯಮತ್ತೂರು ಸೀಮೆ ಗೆದ್ದರೆ ಮೂರು ಲಕ್ಷ ವರಹ, ಘಟ್ಟ ಹತ್ತಿ ಕೋಟೆಯೊಂದನ್ನು ಹಿಡಿದರೆ ಒಂದು ಲಕ್ಷ, ಮೈಸೂರು ಕೈಗೆ ಬಂದರೆ ಒಂದು ಲಕ್ಷ, ಶ್ರೀರಂಗಪಟ್ಟಣ ಬಿದ್ದರೆ ಐದು ಲಕ್ಷ. ಕಾವಲಿನಲ್ಲಿ ಕೂತ ಹೆಂಗಸು ತನ್ನ ರಾಜ್ಯವನ್ನು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕಿ ಕೊಂಡುಕೊಳ್ಳಲು ಹೊರಟಿದ್ದಾಳೆ, ಮೊದಲ ಮೆಟ್ಟಿಲು ಕೊಯಮತ್ತೂರಿನ ಈ ಕೊಂಗುನಾಡು.

1783ರಲ್ಲಿ ಶ್ರೀರಂಗಪಟ್ಟಣದೊಳಗೆ ರಾಣಿಯ ಕಡೆಯವರ ಸಂಚು ಬಯಲಾಗಿ ತಲೆಗಳು ಉರುಳಿದವು. ಅದೇ ವರ್ಷದ ಕೊನೆಗೆ ಕಂಪನಿಯ ಕರ್ನಲ್ ಫುಲರ್ಟನ್ ಪಾಲ್ಘಾಟನ್ನೂ ಕೊಯಮತ್ತೂರನ್ನೂ ಹಿಡಿದ. 1784ರಲ್ಲಿ ಮಂಗಳೂರಿನಲ್ಲಿ ಟಿಪ್ಪುವಿನ ಜೊತೆ ಸಂಧಿ ಮಾಡಿಕೊಂಡ ಕಂಪನಿ ಹಿಡಿದದ್ದನ್ನು ಹಿಂದಕ್ಕೆ ಕೊಟ್ಟಿತು. ರಾಣಿ ಇನ್ನೂ ಹದಿನೈದು ವರ್ಷ ಕಾದಳು. 1799ರಲ್ಲಿ ಟಿಪ್ಪು ಬಿದ್ದಮೇಲೆ ಐದು ವರ್ಷದ ಮೊಮ್ಮಗ ಮುಮ್ಮಡಿ ಕೃಷ್ಣರಾಜನಿಗೆ ಪಟ್ಟವಾಯಿತು. ಅದನ್ನು ಕಣ್ಣಾರೆ ಕಂಡು 1810ರಲ್ಲಿ ತೀರಿಕೊಂಡಳು. ಅವಳು ಮೂರು ಲಕ್ಷ ಬೆಲೆ ಕಟ್ಟಿದ ಕೊಯಮತ್ತೂರು ಸೀಮೆ ಮಾತ್ರ ಮೈಸೂರಿಗೆ ಬರಲಿಲ್ಲ, ಹಂಚಿಕೆಯಲ್ಲಿ ಕಂಪನಿ ತನ್ನ ಪಾಲಿಗೆ ಇಟ್ಟುಕೊಂಡಿತು. ಕರುಮತ್ತಂಪಟ್ಟಿ ಕಡೆಯ ದೇವಾಂಗರ ಮಕ್ಕಳು ಇವತ್ತು ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಅಕ್ಷರ ತಿದ್ದುವುದಕ್ಕೆ 1799ರ ಆ ಹಂಚಿಕೆಯೂ ಒಂದು ಕಾರಣ.